ಗಾಲಿ ತೊಳಿಯಾಕ ನಾವು, ಗಾಳಿ ನೋಡಾಕ ಯಾರು?

ಮೊನ್ನೆ ಕೊಟ್ಟೂರಾಗ ಒಂದು ಕುಬಸಕ್ಕ ಹೋಗಿದ್ದೆ. ಊಟಕ್ಕ ಕುಂತಾಗ ಕಾರಿನ ಮಾತು ಬಂತು. "ನಮ್ಮ ಕಾರಿನ ಗಾಲಿ ಭಾನುವಾರಕ್ಕೊಮ್ಮೆ ನಾನ ತೊಳಿತೀನಿ" ಅಂದೆ. ಎದುರಿಗೆ ಕುಂತಿದ್ದ ಬೀಗರೊಬ್ರು ನಕ್ಕು, "ಚಲೋ ಆತು ಬಿಡ್ರಿ ಅಕ್ಕಾರ, ಪಾತ್ರಿ ತಿಕ್ಕಿದಂಗ ತಿಕ್ಕಿಬಿಡ್ರಿ, ಪಳಪಳ ಹೊಳದ್ರ ಸಾಕು. ಉಳಿದಿದ್ದು ನಿಮಗೇನು ಗೊತ್ತಾಗ್ತೈತಿ" ಅಂದ್ರು. ಸುತ್ತ ಇದ್ದ ಹೆಣ್ಮಕ್ಳೆಲ್ಲಾ ನಕ್ರು. ನಾನೂ ನಕ್ಕೆ, ಸುಳ್ಳ್ಯಾಕ ಹೇಳ್ಲಿ. ಆದ್ರ ಮನಿಗೆ ಬಂದ ಮ್ಯಾಲೆ ಆ ನಗು ನಂಗ ದಕ್ಕಲಿಲ್ಲ.

ಹೊಳದ್ರ ಸಾಕು ಅನ್ನೋದು ಸುಳ್ಳು. ನಮಗೇನು ಗೊತ್ತಾಗ್ತೈತಿ ಅನ್ನೋದು ಅದಕ್ಕಿಂತ ದೊಡ್ಡ ಸುಳ್ಳು. ಗಾಲಿ ಮುಂದ ಮಣಿ ಹಾಕ್ಕೊಂಡು ಕುಂತು, ಅದರ ಮೈಮ್ಯಾಲೆಲ್ಲಾ ಕೈಯಾಡಸೋರು ಯಾರು? ಓಡಿಸೋರು ಕುಂದ್ರೋದು ಸೀಟಿನ ಮ್ಯಾಲೆ. ಅವರಿಗೆ ಗಾಲಿ ಕಾಣಂಗೇ ಇಲ್ಲ.

ಹೋದ ವರ್ಷದ ಕತಿ ಹೇಳ್ತೀನಿ ಕೇಳ್ರಿ. ಶಿವರಾತ್ರಿ ಮುಂದ ಎಡಗಡೆ ಮುಂದಿನ ಗಾಲಿ ತೊಳಿಯಾಕತ್ತಿದ್ದೆ. ಟೈರಿನ ಪಕ್ಕದ ಗ್ವಾಡಿ ಮ್ಯಾಲೆ ಬಟ್ಟಿ ಎಳಿಯೋವಾಗ ಬೆರಳಿಗೆ ಏನೋ ಉಬ್ಬಿದಂಗ ಹತ್ತಿತು. ನೋಡಿದ್ರ ಅರ್ಧ ಅಡಿಕಿ ಇಟ್ಟಂಗ ಒಂದು ಗುಳ್ಳಿ. ನಮ್ಮ ಮನಿಯವ್ರು ಕಟ್ಟಿ ಮ್ಯಾಲೆ ಪೇಪರ್ ಓದಾಕತ್ತಿದ್ರು. "ಇಲ್ನೋಡ್ರಿ, ಟೈರು ಉಬ್ಬೈತಿ" ಅಂದೆ. "ಟೈರು ಹಾಕ್ಸಿ ಎರಡು ವರ್ಷ ಸೈತ ಆಗಿಲ್ಲ, ರಬ್ಬರ್ ಅಂದಮ್ಯಾಲೆ ಏರುಪೇರು ಇರ್ತೈತಿ" ಅಂದ್ರು, ತಲಿ ಎತ್ತಲಿಲ್ಲ. ಮುಂದಿನ ವಾರ ಅದು ಲಿಂಬಿಹಣ್ಣಿನ ಹೋಳಿನಷ್ಟಾಗಿತ್ತು. ಮಗನಿಗೆ ಹೇಳಿದೆ. "ಯವ್ವ, ಗಾಲಿ ಮಸ್ತ್ ಹೊಳಿಯಾಕತ್ತೈತಿ, ನೀ ಸುಮ್ಕಿರು" ಅಂದ. ಮೂರನೇ ವಾರ ನಾ ಯಾರಿಗೂ ಹೇಳ್ಲಿಲ್ಲ. ಹೇಳಿ ಹೇಳಿ ಸಾಕಾಗಿತ್ತು. ಅದು ನನ್ನ ತಪ್ಪು, ಅದನ್ನ ಈಗಲೂ ಮರಿಯಾಕಾಗಿಲ್ಲ.

ಏಪ್ರಿಲ್‌ನ್ಯಾಗ ಮೊಮ್ಮಗೀನ ಡಾಕ್ಟ್ರಿಗೆ ತೋರ್ಸಾಕ ಹೊಸಪೇಟಿಗೆ ಹೊಂಟಿದ್ವಿ. ಮಟಮಟ ಮಧ್ಯಾಹ್ನ. ನಮ್ಮ ಕಡೆ ಏಪ್ರಿಲ್ ಬಿಸಿಲು ನಿಮಗೇನು ಹೇಳೋದು, ಡಾಂಬರ್ ರಸ್ತಿ ಹೆಂಚು ಕಾದಂಗ ಕಾದಿರ್ತೈತಿ. ಕೂಡ್ಲಿಗಿ ದಾಟಿ ಹೈವೇ ಮ್ಯಾಲೆ ಹೊಂಟಾಗ ಢಮ್ ಅಂತು. ಕಾರು ಎಡಕ್ಕ ಎಳಕೊಂಡು ರಸ್ತಿ ಬಿಟ್ಟು ಗರಸಿನ ಮ್ಯಾಲೆ ಹೋಗಿ, ಒಂದು ಜಾಲಿಗಿಡದ ಹತ್ರ ನಿಂತ್ತು. ಮುಂದೊಂದು ಲಾರಿ ನಿಧಾನಕ್ಕ ಹೊಂಟಿದ್ದಕ್ಕ ನಮ್ಮ ಹುಡುಗ ಜೋರು ಓಡಿಸಿರ್ಲಿಲ್ಲ. ಇಲ್ಲಂದ್ರ ಇವತ್ತು ಇದನ್ನ ಬರಿಯಾಕ ನಾ ಇರ್ತಿದ್ದಿಲ್ಲ. ಸೊಸಿ ತೊಡಿ ಮ್ಯಾಲೆ ಐದು ತಿಂಗಳ ಕೂಸು. ಯಾರಿಗೂ ಏನೂ ಆಗಲಿಲ್ಲ. ಕೂಸು ಎಚ್ಚರಾಗಿ ಅಳಾಕತ್ತಿತು, ಅದರ ಸಂಗಾಟ ನಾವಿಬ್ರೂ ಅತ್ವಿ.

ಟೈರ್ ಅಂಗಡಿಯವ ಹರದ ಟೈರನ್ನ ತಿರುವಿ ತಿರುವಿ ನೋಡಿ, "ಗುಳ್ಳಿ ಬಂದಿರ್ಬೇಕಲ್ರಿ, ಮನ್ಯಾಗ ಯಾರೂ ನೋಡ್ಲಿಲ್ಲೇನು?" ಅಂದ. ನಮ್ಮ ಮನಿಯವ್ರು ನೆಲ ನೋಡಿದ್ರು. ನಾ ಬಾಯಿ ಬಿಡ್ಲಿಲ್ಲ. ಆ ಹುಡುಗನ ನಂಗ ತಿಳಿಸಿ ಹೇಳಿದ: ತಗ್ಗಿಗೆ ಜೋರಾಗಿ ಬಡದ್ರ ಟೈರಿನ ಒಳಗಿನ ದಾರದ ಎಳಿ ಹರಿತಾವಂತ, ಅಲ್ಲಿಂದ ಗಾಳಿ ರಬ್ಬರನ್ನ ಹೊರಗ ದಬ್ಬತೈತಂತ. ಕೌದಿ ಹೊಲಿಗಿ ಬಿಟ್ಟಾಗ ಒಳಗಿನ ಹಳೇ ಸೀರಿ ಹೊರಗ ಉಬ್ಬಿ ಬರ್ತೈತಲ್ಲ, ಹಂಗ. ಕೌದಿಗಾದ್ರ ಮತ್ತೊಂದು ಹೊಲಿಗಿ ಹಾಕಬಹುದು. ಇದಕ್ಕ ಪಂಚರ್ ತೇಪಿ ನಡಿಯಂಗಿಲ್ಲ, ಟೈರ ಬದಲಿಸ್ಬೇಕು.

ಈಗ ಹೊಳಪಿನ ಮಾತಿಗೆ ಬರ್ತೀನಿ. ಈ ಹೊಳಪಿನ ಹುಚ್ಚು ಏನೇನು ಮಾಡಸ್ತೈತಿ ನೋಡ್ರಿ. ನಮ್ಮ ಓಣ್ಯಾಗ ಒಬ್ರು ಪಾಯಖಾನಿ ತೊಳಿಯೋ ಆಸಿಡ್ ತಂದು ಅಲಾಯ್ ಗಾಲಿಗೆ ಹುಯ್ದ್ರು. ಒಂದು ಗಳಿಗಿ ಬೆಳ್ಳಗ ಕಂಡಿತು, ಆಮ್ಯಾಲೆ ತೊನ್ನು ಹತ್ತಿದಂಗ ಕಲಿ ಬಿದ್ದು ಕುಂತಾವ. ಅಲಾಯ್ ಅಂದ್ರ ಅಲ್ಯೂಮಿನಿಯಂ. ಹುಣಸಿಹಣ್ಣಿನ ಸಾರನ್ನ ಅಲ್ಯೂಮಿನಿಯಂ ಪಾತ್ರ್ಯಾಗ ಇಡಬ್ಯಾಡ್ರಿ ಅಂತ ನಾವು ಸೊಸ್ತ್ಯಾರಿಗೆ ಹೇಳ್ತೀವಲ್ಲ, ಹುಣಸಿ ಹುಳಿಗೇ ಹಂಗಾದ್ರ ಆಸಿಡ್‌ಗೆ ಎಷ್ಟಾಗಬೇಕು? ನಮ್ಮನ್ನ ಕೇಳಿದ್ರ ಮೊದ್ಲ ಹೇಳ್ತಿದ್ವಿ. ಇನ್ನು ಕೆಲವ್ರು ಟೈರು ಕರ್ರಗ ಕಾಣ್ಲಿ ಅಂತ ಡೀಸೆಲ್ ಇಲ್ಲಾ ಹಳೇ ಎಂಜಿನ್ ಆಯಿಲ್ ಸವರ್ತಾರ. ಅದು ರಬ್ಬರನ್ನ ತಿಂತೈತಿ. ಪಾಲಿಶ್ ತಂದು ನೆಲಕ್ಕ ಹತ್ತೋ ಹಲ್ಲಿಗೂ ಬಳಿಯೋರು ಅದಾರ, ಅವರಿಗೆ ಬಚ್ಚಲದಾಗ ಸಾಬೂನು ತುಳಿದು ಜಾರಿದ ನೆನಪು ಇಲ್ಲೇನೋ.

ನೀರಿನ ಮಾತಂತೂ ಹೇಳಬಾರದು. ನಳಕ್ಕ ಪೈಪ್ ಹಚ್ಚಿ ಅರ್ಧ ತಾಸು ಬಿಡ್ತಾರ, ಓಣಿ ತುಂಬ ಕಾಲಿವಿ ಹರಿತೈತಿ. ನಮ್ಮದು ಕೊಡ ಹೊತ್ತು ಬೆಳೆದ ಸೀಮಿ ಅಲ್ಲೇನು? ಬೆಂಗಳೂರಿನಂಥ ಬೆಂಗಳೂರಾಗೇ 2024ರ ಮಾರ್ಚ್‌ನ್ಯಾಗ ಜಲಮಂಡಳಿಯವ್ರು, ಕುಡಿಯೋ ನೀರಾಗ ಗಾಡಿ ತೊಳದ್ರ 5,000 ರೂಪಾಯಿ ದಂಡ ಅಂತ ಆದೇಶ ಹೊಂಡಿಸಿದ್ರು. ನಂಗ ನಾಕೂ ಗಾಲಿಗೆ ಎರಡು ಬಕೀಟು ಸಾಕು, ಬಟ್ಟಿ ಅಲುಬಿದ ಕಡೀ ನೀರಿದ್ರ ಇನ್ನೂ ಚಲೋ. ನಮ್ಮ ಬೋರಿನ ನೀರು ಗಡುಸು, ಹಂಗ ಆರಾಕ ಬಿಟ್ರ ಸ್ಟೀಲ್ ಲೋಟದ ಮ್ಯಾಲೆ ಕುಂದ್ರತಾವಲ್ಲ, ಹಂಗ ಬಿಳಿ ಕಲಿ ಕುಂದ್ರತಾವ. ಹಸಿ ಇದ್ದಾಗಲೇ ಒರಸಬೇಕು.

ಊರಿಂದ ಬಂದ ಕೂಡ್ಲೆ ತೊಳಿಬ್ಯಾಡ್ರಿ. ಬ್ರೇಕು ಕಾದಿರ್ತಾವ, ಕಾದ ಹಂಚಿಗೆ ತಣ್ಣೀರು ಹಾಕಿದಂಗ ಆಗ್ತೈತಿ. ಮುಂದಿನ ಗಾಲಿಗೆ ಕರೀ ಪುಡಿ ಜಾಸ್ತಿ ಹತ್ತಿರ್ತೈತಿ, ಅದು ರಸ್ತಿ ಧೂಳಲ್ಲ, ಬ್ರೇಕ್ ಸವೆದು ಬಂದಿದ್ದು. ಸಂಡೂರು ಕಡೆ ಹೋಗಿಬಂದ್ರ ಅದಿರಿನ ಕೆಂಪು ಅದರ ಮ್ಯಾಲೆ, ಹಡಗಲಿ ಕಡೆ ಮಳ್ಯಾಗ ಹೋದ್ರ ಎರಿ ಮಣ್ಣು ಸಂದಿಯೊಳಗ. ಗಾಲಿ ಬಟ್ಟಿ ಗಾಲಿಗೇ ಇರ್ಲಿ, ಅದರಾಗ ಬಾಗಿಲು ಒರಸಿದ್ರ ಮರಳು ಬಣ್ಣ ಗೀರ್ತೈತಿ. ತೊಳದ ಮ್ಯಾಲೆ ಕಾರನ್ನ ಹಂಗ ನಿಲ್ಲಿಸಬ್ಯಾಡ್ರಿ, ನಿಧಾನಕ್ಕ ಒಂದು ಸುತ್ತು ಹೊಡಸಿ ಎರಡು ಮೂರು ಸಲ ಬ್ರೇಕ್ ಒತ್ತಿಸ್ರಿ, ನೀರು ಆರ್ತೈತಿ.

ನಾನೇನು ಎಲ್ಲಾ ಬಲ್ಲಾಕಿ ಅಂತಲ್ಲ. ಮೊದಮೊದ್ಲು ಗಾಲಿ ಒಳಗ ಅಂಟಿದ್ದ ಒಂದು ಸೀಸದ ತುಣುಕನ್ನ, ಡಾಂಬರ್ ಗಟ್ಟಿಯಾಗೇತಿ ಅಂತ ಚಾಕೂಲೆ ಕಿತ್ತು ಒಗದಿದ್ದೆ. ಮರುದಿನ ಹೈವೇದಾಗ ಸ್ಟೇರಿಂಗ್ ಗಡಗಡ ನಡುಗಾಕತ್ತಿತು. ಅದು ಗಾಲಿ ತೂಕ ಸಮ ಮಾಡಾಕ ಹಚ್ಚಿದ್ದಂತ. ಆ ಕತಿ ಹೇಳಿ ನಮ್ಮ ಮನಿಯವ್ರು ಇವತ್ತಿಗೂ ನಗ್ತಾರ, ನಗ್ಲಿ.

ತೊಳಿಯೋದು ಅಂದ್ರ ನೋಡೋದು, ನಾ ಹೇಳೋದು ಇಷ್ಟ. ಅಕ್ಕಿ ಆರಿಸೋವಾಗ ಕಲ್ಲು ಕಾಣಂಗಿಲ್ಲೇನು ನಮಗ? ಟೈರಿನ ಪಕ್ಕಕ್ಕ ಅಂಗೈ ಆಡಿಸ್ರಿ, ಉಬ್ಬು, ಸೀಳು ಬೆರಳಿಗೇ ಸಿಗ್ತಾವ. ಹಲ್ಲಿನ ಸಂದ್ಯಾಗ ಸಣ್ಣ ಸಣ್ಣ ರಬ್ಬರ್ ದಿಬ್ಬ ಇರ್ತಾವ, 1.6 ಮಿಲಿಮೀಟರ್ ಎತ್ತರ. ಹಲ್ಲು ಸವೆದು ಆ ದಿಬ್ಬದ ಸಮಕ್ಕ ಬಂತು ಅಂದ್ರ ಟೈರಿನ ಆಯುಷ್ಯ ಮುಗೀತು. ಎರಡೂ ಅಂಚು ಸವೆದಿದ್ರ ಗಾಳಿ ಕಮ್ಮಿ ಹಾಕ್ಕೊಂಡು ಓಡಿಸ್ಯಾರ, ನಡುವು ಸವೆದಿದ್ರ ಜಾಸ್ತಿ ಹಾಕ್ಸ್ಯಾರ. ಪಕ್ಕದಾಗ ನಾಕು ಅಂಕಿ ಇರ್ತಾವ, 2319 ಅಂತಿದ್ರ 2019ರ 23ನೇ ವಾರ ಹುಟ್ಟಿದ ಟೈರು. ಹೊಸಾದು ಅಂತ ಹಳೇದು ಹಾಕಿ ಕಳಿಸಿದ್ರ ಅಲ್ಲೇ ಸಿಕ್ಕಬೀಳ್ತಾರ. ಗಾಳಿ ತುಂಬೋ ಬಾಯಿಗೆ ಚೂರು ಎಂಜಲು ಹಚ್ಚಿ ನೋಡ್ರಿ, ಗುಳ್ಳಿ ಎದ್ರ ಗಾಳಿ ಸೋರಾಕತ್ತೈತಿ. ಇದರಾಗ ಯಾವುದಕ್ಕ ಡಿಗ್ರಿ ಬೇಕು ಹೇಳ್ರಿ. ನಾ ಪಿಯುಸಿ, ಅದೂ ಆರ್ಟ್ಸು.

ಇನ್ನ ಕೆಲವ್ರು, "ದೇವರು ಅದಾನ ನಡೀರಿ" ಅಂತಾರ. ಆಯುಧಪೂಜಿ ದಿನ ನಾಕು ಗಾಲಿಗೆ ನಾಕು ಲಿಂಬಿಹಣ್ಣು ಇಡೋದು ನಾನ. ಸ್ಟೆಪ್ನಿಗೆ ಅದೂ ಇಲ್ಲ ಪಾಪ, ಡಿಕ್ಕ್ಯಾಗ ಗಾಳಿ ಇಲ್ದ ಮಲಗಿರ್ತೈತಿ. ಆದ್ರ 2017ರ ಫೆಬ್ರುವರಿಯೊಳಗ ನಮ್ಮ ಕೊಟ್ಟೂರೇಶ್ವರನ ತೇರೇ ಉರುಳಿತಲ್ಲ, ಆ ಸ್ವಾಮಿಗಿಂತ ನಮ್ಮ ಲಿಂಬಿಹಣ್ಣು ದೊಡ್ಡದೇನು?

ನಮ್ಮಜ್ಜ ಬಂಡಿ ಕಟ್ಟಿ ಅದೇ ಕೊಟ್ಟೂರು ತೇರಿಗೆ ಹೋಗ್ತಿದ್ದ. ಔಡಲೆಣ್ಣಿಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಕೀಲೆಣ್ಣಿ ಮಾಡಿ, ಬಿದಿರಿನ ಗೊಟ್ಟದಾಗ ತುಂಬಿ ಕೊಡ್ತಿದ್ದಾಕಿ ನಮ್ಮಜ್ಜಿ. ದಾರ್ಯಾಗ ಆಕಿ ಹಿಂದ ಕುಂತು, "ಬಲಗಾಲಿ ಯಾಕೋ ಕಿರುಗುಟ್ಟತೈತಿ ನೋಡ್ರಿ" ಅಂದ್ರ, ಅಜ್ಜ ಎತ್ತು ನಿಲ್ಲಿಸಿ ಇಳಿದು ಕಡಾಣಿ ಮುಟ್ಟಿ ನೋಡ್ತಿದ್ದ. "ನಿನಗೇನು ಗೊತ್ತಾಗ್ತೈತಿ" ಅಂದಿದ್ದು ನಾ ಕೇಳಿಲ್ಲ. ಅಜ್ಜ ಸಾಲಿ ಮೆಟ್ಲು ಹತ್ತಿದಾವ ಅಲ್ಲ. ಕಾರು ಬಂತು ಅಂತ ಇವರಿಗೆ ಕಿವಿ ಯಾಕ ಕಮ್ಮಿ ಆದ್ವು?

ನಾವೂ ಕಮ್ಮಿ ಇಲ್ಲ. "ನಮಗ್ಯಾಕವ್ವ ಆ ಉಸಾಬರಿ, ಗಂಡಸ್ರ ಕೆಲಸ" ಅಂತೀವಿ. ಆ ಕಾರಾಗ ಹಿಂದಿನ ಸೀಟಿಗೆ ಮಕ್ಕಳನ್ನ ತೊಡಿ ಮ್ಯಾಲೆ ಇಟ್ಕೊಂಡು ಕುಂದ್ರೋರು ಯಾರು ಹಂಗಾರ? ಗಾಲಿ ತೊಳಿಯಾಕ ನಾನ ಬೇಕು ಅಂದ್ರ, ಗುಳ್ಳಿ ಐತಿ ಅಂದಾಗ ಕಾರು ಮನಿ ಮುಂದಿಂದ ಕದಲಬಾರದು. ಅದಾಗಂಗಿಲ್ಲ ಅಂದ್ರ ಬ್ರಷ್ಷು ಅವರ ಕೈಯಾಗ ಕೊಡ್ತೀನಿ, ಅವರ ಕುಂತು ತಿಕ್ಕಲಿ.

ಏಪ್ರಿಲ್ ಆದಮ್ಯಾಲೆ ಈ ಮಾತು ಮನ್ಯಾಗ ಹೇಳೀನಿ. ಎರಡು ದಿನ ಯಾರೂ ಸರಿಯಾಗಿ ಮಾತಾಡ್ಲಿಲ್ಲ. ಮೂರನೇ ದಿನ ಮಗ ಗಾಳಿ ನೋಡೋ ಸಣ್ಣ ಮೀಟರ್ ತಂದು ಅಡಿಗಿಮನಿ ಕಟ್ಟಿ ಮ್ಯಾಲೆ ಇಟ್ಟು ಹೋದ. ಡ್ರೈವರ್ ಬಾಗಿಲ ಸಂದ್ಯಾಗ ಚೀಟಿ ಅಂಟ್ಸಿರ್ತಾರ, ನಮ್ಮದಕ್ಕ 33 ಅಂತೈತಿ, ನಿಮ್ಮದಕ್ಕ ಎಷ್ಟು ಅಂತ ಅಲ್ಲೇ ನೋಡ್ಕೋರಿ. ಬೆಳಿಗ್ಗೆ ಗಾಲಿ ತಣ್ಣಗ ಇದ್ದಾಗ ನೋಡ್ಬೇಕು, ಓಡಿದ ಮ್ಯಾಲೆ ಗಾಳಿ ಕಾದು ಜಾಸ್ತಿ ತೋರಿಸ್ತೈತಿ.

ಹೋದ ಭಾನುವಾರ ಪೆಟ್ರೋಲ್ ಬಂಕಿಗೆ ಹೋಗಿದ್ವಿ. ಗಾಳಿ ಹಾಕೋ ಹುಡುಗ ಪೈಪ್ ಹಿಡಕೊಂಡು ಬಂದು, ನನ್ನ ದಾಟಿ ನಮ್ಮ ಮನಿಯವ್ರ ಮಾರಿ ನೋಡಿ, "ಎಷ್ಟು ಹಾಕ್ಲಿ ಸಾರ್?" ಅಂದ. ಅವರು ನನ್ನ ಕಡೆ ಕೈ ತೋರಿಸಿ, "ಅವರ್ನ ಕೇಳಪ್ಪ" ಅಂದ್ರು.

"ನಾಕಕ್ಕೂ 33 ಹಾಕು ತಮ್ಮಾ," ಅಂದೆ, "ಡಿಕ್ಕಿ ತಗದೀನಿ, ಸ್ಟೆಪ್ನಿಗೂ."