ನೆರೆಯವರ ಪಂದ್ಯ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಕಾಲಿನಿಂದ ಒದ್ದು ಆಡುವ ಆಟವನ್ನಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ ಅದು. ಅಲ್ಲಿ ಎರಡು ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಕ್ಕೆ ಲಕ್ಷ ಜನ ಸೇರುತ್ತಾರೆ ಎಂದರೆ ನಿಮಗೆ ಆಶ್ಚರ್ಯವಾದೀತು.

ಟೆಕ್ಸಾಸ್ ವಿಶ್ವವಿದ್ಯಾಲಯವಿರುವುದು ಆಸ್ಟಿನ್ ನಗರದಲ್ಲಿ. ಅಲ್ಲಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಕಾಲೇಜ್ ಸ್ಟೇಷನ್ ಎಂಬ ಊರು ಸಿಗುತ್ತದೆ. ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸಲು 1876ರಲ್ಲಿ ತೆರೆದ ಟೆಕ್ಸಾಸ್ ಎ ಅಂಡ್ ಎಂ ಅಲ್ಲಿದೆ. ಇವೆರಡರ ತಂಡಗಳು ಮೊದಲು ಎದುರಾದದ್ದು 1894ರಲ್ಲಿ. 1915ರಿಂದ 2011ರವರೆಗೆ ಒಂದು ವರ್ಷವೂ ಪಂದ್ಯ ತಪ್ಪಲಿಲ್ಲ. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ. ಎರಡೂ ವಿಶ್ವವಿದ್ಯಾಲಯಗಳ ಹುರುಪಿನ ಹಾಡುಗಳಲ್ಲಿ ಎದುರಾಳಿಯ ಹೆಸರಿದೆ!

ಇದನ್ನು ಬರೀ ಹಗೆತನ ಎಂದುಕೊಳ್ಳಬೇಡಿ. ಈ ಪಂದ್ಯಕ್ಕೆ ಮುನ್ನ ಎ ಅಂಡ್ ಎಂ ವಿದ್ಯಾರ್ಥಿಗಳು ಮರದ ದಿಮ್ಮಿಗಳನ್ನು ಗೋಪುರದಂತೆ ಪೇರಿಸಿ ಬೆಂಕಿ ಹಚ್ಚುತ್ತಿದ್ದರು. 1999ರ ನವೆಂಬರ್ 18ರ ನಸುಕಿನಲ್ಲಿ, ಕಟ್ಟುತ್ತಿರುವಾಗಲೇ ಆ ರಾಶಿ ಕುಸಿದು 12 ಮಂದಿ ಸತ್ತರು. ಎಂಟು ದಿನಗಳ ಮೇಲೆ ನಡೆದ ಪಂದ್ಯದ ನಡುವಿನ ವಿರಾಮದಲ್ಲಿ ಎದುರಾಳಿ ವಿಶ್ವವಿದ್ಯಾಲಯದ ವಾದ್ಯಮೇಳದವರು ಶೋಕರಾಗ ನುಡಿಸಿ, ತಲೆಯ ಮೇಲಿನ ಟೋಪಿ ತೆಗೆದರು. ನೂರು ವರ್ಷ ಆಡುತ್ತಾ ಬಂದವರ ನಡುವೆ ಮಾತ್ರ ಇಂಥ ನಂಟು ಬೆಳೆಯಬಲ್ಲದು.

ಅದು ಹೇಗೆ ಕಡಿಯಿತು? ಅಲ್ಲಿ ವಿಶ್ವವಿದ್ಯಾಲಯಗಳು ಒಕ್ಕೂಟಗಳಾಗಿ ಸೇರಿ ತಮ್ಮೊಳಗೆ ಆಡುತ್ತವೆ. ಟೆಲಿವಿಷನ್ ಹಣವನ್ನು ಹಂಚಿಕೊಳ್ಳುತ್ತವೆ. 2011ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ ತನ್ನದೇ ಒಂದು ವಾಹಿನಿ ಪಡೆಯಿತು. ಎ ಅಂಡ್ ಎಂ ಮುನಿದು, 2012ರಲ್ಲಿ ಬೇರೆ ಒಕ್ಕೂಟಕ್ಕೆ ಹೋಯಿತು. ಆಮೇಲೆ ಹನ್ನೆರಡು ಋತುಗಳು ಪಂದ್ಯವಿಲ್ಲದೆ ಕಳೆದವು. ಎರಡೂ ತಂಡಗಳು ಆಡಲೇಬೇಕೆಂದು ಶಾಸನಸಭೆಯಲ್ಲಿ ಮಸೂದೆಯನ್ನೂ ತಂದರು, ಅದು ಕಾನೂನಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ, ಕಾನೂನಿನಿಂದ ಆಡಿಸುವ ಆಟವೆಂಥದು?

ವೇಳಾಪಟ್ಟಿಯಲ್ಲಿ ಜಾಗವಿಲ್ಲ ಎಂಬ ಮಾತು ಆಗ ಕೇಳಿಬಂದಿತ್ತು. ಅದನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. ಋತುವಿನಲ್ಲಿ 12 ಪಂದ್ಯಗಳು. ಟೆಕ್ಸಾಸ್ ತನ್ನ ಒಕ್ಕೂಟದೊಳಗೆ ಆಡುತ್ತಿದ್ದುದು ಒಂಬತ್ತು, ಎ ಅಂಡ್ ಎಂ ಎಂಟು. ಉಳಿದವುಗಳಿಗೆ ದೂರದೂರದ ತಂಡಗಳನ್ನು ಕರೆದರು, ಪಕ್ಕದವರನ್ನು ಬಿಟ್ಟರು. ಜಾರ್ಜಿಯ ಮತ್ತು ಜಾರ್ಜಿಯ ಟೆಕ್, ಫ್ಲೋರಿಡ ಮತ್ತು ಫ್ಲೋರಿಡ ಸ್ಟೇಟ್ ಬೇರೆ ಬೇರೆ ಒಕ್ಕೂಟಗಳಲ್ಲಿದ್ದೂ ಋತುವಿನ ಕೊನೆಗೆ ತಮ್ಮ ಹಳೆಯ ಪಂದ್ಯ ಆಡುತ್ತಿವೆ. 2012ರಲ್ಲೇ ಬೇರ್ಪಟ್ಟ ಕಾನ್ಸಾಸ್ ಮತ್ತು ಮಿಸೌರಿ 2025ರಲ್ಲಿ ಮತ್ತೆ ಎದುರಾದವು, ಒಕ್ಕೂಟ ಒಂದಾಗದೆಯೇ. ಮನಸ್ಸಿದ್ದರೆ ಒಂದು ಶನಿವಾರ ಸಿಗುತ್ತದೆ.

ಟೆಕ್ಸಾಸಿನ ಪಂದ್ಯವೂ ಮರಳಿ ಬಂತು, ನಿಜ. 2024ರಲ್ಲಿ ಟೆಕ್ಸಾಸ್ ಕೂಡ ಎ ಅಂಡ್ ಎಂ ಇದ್ದ ಒಕ್ಕೂಟವನ್ನೇ ಸೇರಿತು. ನವೆಂಬರ್ 30ರಂದು ಲಕ್ಷಕ್ಕೂ ಮಿಕ್ಕ ಜನರ ಮುಂದೆ 17–7ರಿಂದ ಗೆದ್ದಿತು. ಸಂತೋಷವೇ. ಆದರೆ ಅಭಿಮಾನಿಗಳ ಹಂಬಲಕ್ಕೆ ಮಣಿದು ಯಾರೂ ಅದನ್ನು ತರಲಿಲ್ಲ. ಕಡಿದದ್ದೂ ಹಣದ ಲೆಕ್ಕಾಚಾರ, ಜೋಡಿಸಿದ್ದೂ ಅದೇ. ನಾಳೆ ಆ ಲೆಕ್ಕ ಬದಲಾದರೆ ಪಂದ್ಯವೂ ಹೋದೀತು. ಆದ್ದರಿಂದ ಯಾರು ಯಾವ ಒಕ್ಕೂಟದಲ್ಲಿದ್ದರೂ ಈ ಪಂದ್ಯ ನಡೆಯುತ್ತದೆ ಎಂದು ಎರಡು ವಿಶ್ವವಿದ್ಯಾಲಯಗಳೂ ಈಗಲೇ ಬರೆದುಕೊಳ್ಳಬೇಕು. ಇಬ್ಬರ ನಡುವೆ ಸಲುಗೆಯಿರುವಾಗ ಅದು ಸುಲಭ.

ಟೆಕ್ಸಾಸ್ ಜೊತೆಗೇ ಅದೇ ಒಕ್ಕೂಟಕ್ಕೆ ಹೋದದ್ದು ಓಕ್ಲಹೋಮ ವಿಶ್ವವಿದ್ಯಾಲಯ. ಅದರ ನೆರೆಯ ಓಕ್ಲಹೋಮ ಸ್ಟೇಟ್ ಹಳೆಯ ಒಕ್ಕೂಟದಲ್ಲೇ ಉಳಿಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ವರ್ಷ ಆಡಿದ್ದ ಈ ತಂಡಗಳು 2023ರ ನವೆಂಬರಿನಲ್ಲಿ ಆಡಿದವು. 2024ರಲ್ಲಿ ಆಡಲಿಲ್ಲ, 2025ರಲ್ಲೂ ಆಡಲಿಲ್ಲ.