ಪಾಠಕ್ಕೂ ಪರೀಕ್ಷೆ ಬೇಕು



ಫೋನಿನಲ್ಲಿ ಪಾಠ ಕಲಿಯುವ ಮಾತು ನಮ್ಮ ಲೈನ್ ಮನೆಗಳಿಗೆ ಈಗ ಹೊಸದಲ್ಲ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಎಷ್ಟೋ ಮಕ್ಕಳಿಗೆ ಫೋನೇ ಶಾಲೆಯಾಗಬೇಕಾಯಿತು. ಕೇಂದ್ರ ಸರ್ಕಾರದ 'ಸ್ವಯಂ' 2017ರ ಜುಲೈ 9ರಂದೇ ಆರಂಭವಾಗಿತ್ತು. ಅದರ ಪಾಠಕ್ಕೆ ನಾಲ್ಕು ಭಾಗ: ನೋಡುವ ವಿಡಿಯೋ, ಓದುವ ಬರಹ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂಶಯ ಕೇಳುವ ಚರ್ಚೆ. ಏರ್ಪಾಟು ಒಳ್ಳೆಯದೇ. ಆದರೆ ಇಂಥ ಪಾಠ ಕಟ್ಟಲು ಕಲಿಯುವ ಶಿಕ್ಷಕರು, ಏನು ಹೇಳಬೇಕೆಂದು ಯೋಚಿಸುವ ಮೊದಲು ಯಾರಿಗೆ ಹೇಳುತ್ತೇವೆಂದು ನೋಡಬೇಕು.

ಮಹಾರಾಷ್ಟ್ರದ ಗಡಿಯ ನಿಲಂಗಾ, ಉಮರ್ಗಾ, ಉದಗೀರ ಕಡೆಯನ್ನೇ ನೋಡಿರಿ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಮರಾಠಿ ಓದುವ ಮಕ್ಕಳು ಅಲ್ಲಿದ್ದಾರೆ. ಮರಾಠವಾಡದ ಎಷ್ಟೋ ಕುಟುಂಬಗಳು ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಟರೆ ಊರಿಗೆ ಮರಳುವುದು ಬೇಸಿಗೆಯಲ್ಲಿ. ಕಾಫಿ ಕೊಯ್ಲಿಗೆ ತೋಟದಿಂದ ತೋಟಕ್ಕೆ ಹೋಗುವವರ ಪಾಡೂ ಇಂಥದೇ. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು. ಅದೂ ಹಗಲೆಲ್ಲ ಅಪ್ಪನ ಜೇಬಿನಲ್ಲಿ.

ಆದ್ದರಿಂದ ಪಾಠ ಚಿಕ್ಕದಿರಲಿ. ಒಮ್ಮೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದಲ್ಲೂ ನೋಡುವಂತಿರಲಿ. ಉತ್ತರ ಕಳಿಸಲು ವಾರದ ಅವಧಿಯಿರಲಿ. ಮನೆಮಾತಿನಲ್ಲಿ ಒಂದಿಷ್ಟು ವಿವರಣೆಯಿರಲಿ. ಎಷ್ಟು ಮಂದಿ ಪಾಠ ತೆರೆದರು ಎಂಬ ಲೆಕ್ಕದಿಂದ ಕಲಿಕೆ ತಿಳಿಯದು. ನಡುವೆ ಬಿಟ್ಟವರು ಎಲ್ಲಿ ಬಿಟ್ಟರು, ಒಂದೇ ಪ್ರಶ್ನೆಯಲ್ಲಿ ಹೆಚ್ಚು ಮಂದಿ ಏಕೆ ತಪ್ಪಿದರು ಎಂದು ವಿಚಾರಿಸಬೇಕು. ಹಾಗೆ ತಪ್ಪಿದಾಗ ದೋಷ ಪಾಠದಲ್ಲೇ ಇರಬಹುದು.

ತಂದೆತಾಯಿಗಳೇ, ನಿಮ್ಮ ಮಕ್ಕಳು ಎಲ್ಲಿ ತಡೆದು ನಿಂತರೆಂದು ಶಿಕ್ಷಕರಿಗೆ ಧೈರ್ಯವಾಗಿ ತಿಳಿಸಿರಿ. ಮುಂದಿನ ಪಾಠ ಸುಧಾರಿಸಲು ಅವರಿಗೆ ಬೇಕಾದದ್ದು ಆ ಮಾತೇ.