ಮುಂಗಡ ಕೊಡುವ ಮೊದಲು

ತುಮಕೂರು–ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡ ಸೀಮೆಗೆ ಹೊಸ ಆಸೆ ತಂದಿದೆ. ಶಿರಾಕ್ಕೆ ಹೆದ್ದಾರಿಯ ಅನುಕೂಲ ಮೊದಲಿನಿಂದಲೂ ಇದೆ. ಇಂಥ ಕಡೆ ಮನೆ ಕೊಳ್ಳುವವರು ದಲ್ಲಾಳಿಯ ಆತುರಕ್ಕೆ ಮಣಿದು ಮೊದಲು ಮುಂಗಡ ಕೊಟ್ಟು, ಆಮೇಲೆ ಕಾಗದಪತ್ರ ಕೇಳುವುದು ಅಪಾಯಕಾರಿ.

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ., ಸಿಗುತ್ತದೆ. ಆದರೆ ಅದು ತೋರಿಸುವುದು ನೋಂದಣಿಯಾದ ವ್ಯವಹಾರವನ್ನು ಮಾತ್ರ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು ಅದರಲ್ಲಿ ಕಾಣುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮದುವೆಯಾದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದೆ. ಆದ್ದರಿಂದ ವಂಶವೃಕ್ಷ ನೋಡಿ, ಅಕ್ಕತಂಗಿಯರ ಒಪ್ಪಿಗೆ ಸಹಿಯನ್ನೂ ಕೇಳಬೇಕು. ಅದು ಅವರ ಹಕ್ಕಿಗೆ ಸಲ್ಲಬೇಕಾದ ಗೌರವವೂ ಹೌದು.

ಹಳ್ಳಿಯ ಮನೆಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ನಮೂನೆ 9 ಮತ್ತು 11ಎಯೋ, ಇಲ್ಲಾ 11ಬಿಯೋ ಎಂದು ವಿಚಾರಿಸಬೇಕು. 11ಬಿ ಇದ್ದರೆ ಭೂಪರಿವರ್ತನೆ, ಬಡಾವಣೆ ಅನುಮೋದನೆಗಳ ಕೊರತೆ ಇರಬಹುದು. ಬ್ಯಾಂಕ್ ಸಾಲಕ್ಕೆ ಅದು ತೊಡಕು. ಜಾಗ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದೂ ಮುಖ್ಯ. ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪರಿಶಿಷ್ಟರ ಭೂ ಪರಭಾರೆ ನಿಷೇಧ (ಪಿಟಿಸಿಎಲ್) ಕಾಯ್ದೆ ಆ ಕ್ರಯವನ್ನು ಒಪ್ಪುವುದಿಲ್ಲ.

ನೀರಿನ ಮಾತು ಬೇರೆಯೇ ಇದೆ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಪಿಡುಗು, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕದ್ದಲ್ಲ. ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ, ಅದು ಬೇಸಿಗೆಯಲ್ಲಿ ಎಷ್ಟು ಬರುತ್ತದೆಂದು ಅಕ್ಕಪಕ್ಕದವರನ್ನು ಕೇಳಿ, ಆಮೇಲೆ ಬೆಲೆ ಮಾತಾಡಬೇಕು.